ಹಳೆ ಪಂಚೆಯ ಹನ್ನೆರಡು ಪೆಟ್ಟಿಗೆಗಳು

ಜೂನ್ 9, ಸೋಮವಾರ

ನಿದ್ದೆ: ಎರಡು ಗಂಟೆ ಹತ್ತು ನಿಮಿಷ. ಅದೂ ಮೂರು ತುಂಡು.

ಇದನ್ನು ಮಗುವಿಗೆ ಎದೆಹಾಲು ತೆಗೆದಿಡುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೋಣೆ ಎಂದರೆ ನಮ್ಮ ಗೋದಾಮಿನ ಒಂದು ಮೂಲೆ. ನಾನು ಬರುತ್ತೇನೆಂದು ಪ್ಯಾಕಿಂಗ್ ನೋಡಿಕೊಳ್ಳುವ ಗೋಮತಿಯಕ್ಕ ಅಲ್ಲೊಂದು ಪರದೆ ಕಟ್ಟಿಸಿ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದಾರೆ. ಪಂಪು ಗುರ್ರೆನ್ನುವ ಇಪ್ಪತ್ತು ನಿಮಿಷ ಬೇರೆ ಕೆಲಸವಿಲ್ಲ. ಕನ್ನಡದಲ್ಲಿ ಬರೆದರೆ ಕೋಯಮುತ್ತೂರಿನ ಈ ಕಟ್ಟಡದಲ್ಲಿ ಓದಬಲ್ಲವರು ಯಾರೂ ಇಲ್ಲ; ಮನೆಯಲ್ಲಿ ನನ್ನ ಗಂಡ ಮಧ್ವೇಶನಿಗೂ ಓದಲು ಬರುವುದಿಲ್ಲ. ಬೀಗ ಹಾಕಿದಷ್ಟೇ ಭದ್ರ.

ಆರು ತಿಂಗಳ ಹೆರಿಗೆ ರಜೆ ಮುಗಿಸಿ ಬಂದರೆ ನನ್ನ ಕುರ್ಚಿಯಲ್ಲಿ ಸೆಂದಿಲ್ ಕುಮಾರ್. ನನ್ನ ಕೈಕೆಳಗಿನವನು, ನಾನಿಲ್ಲದಾಗ ಆನ್‌ಲೈನ್ ಮಾರಾಟವನ್ನೆಲ್ಲ ನಡೆಸಿದವನು. ನನ್ನನ್ನು ನೋಡಿ ದಡಬಡ ಎದ್ದ. ಕುರ್ಚಿಯ ಎತ್ತರ ಮಾತ್ರ ಅವನ ಅಳತೆಗೇ ಉಳಿದಿದೆ, ನನ್ನ ಕಾಲು ನೆಲಕ್ಕೆ ತಾಕುತ್ತಿಲ್ಲ.

ಹನ್ನೊಂದಕ್ಕೆ ತಿರುಪ್ಪೂರಿನಿಂದ ಧನಪಾಲ್ ಸರ್ ಬಂದರು. ಬನಿಯನ್ ಫ್ಯಾಕ್ಟರಿಯೂ ಅವರದು, ಈ ಮಕ್ಕಳ ಬಟ್ಟೆಯ ಆನ್‌ಲೈನ್ ಅಂಗಡಿಯೂ ಅವರದು.

"ವಾಂಗ, ಬನ್ನಿ ಅಮ್ಮಣಿ. ಕೂಸು ಚೆನ್ನಾಗಿದೆಯಾ? ಸರಿ. ನಿಮ್ಮ 'ಮುದಲ್ ನಾಳ್' ಪೆಟ್ಟಿಗೆ ನನ್ನ ಮಾನ ತೆಗೀತಿದೆ."

ಮುದಲ್ ನಾಳ್, ಮೊದಲ ದಿನ. ಮಗು ಹುಟ್ಟಿದ ದಿನವೇ ತೊಡಿಸಲು ಬೇಕಾದದ್ದೆಲ್ಲ ಒಂದೇ ಪೆಟ್ಟಿಗೆಯಲ್ಲಿ: ಆರು ಜಬಲಾ ಅಂಗಿ, ಟೋಪಿ, ಕಾಲುಚೀಲ, ಹೊದಿಕೆ. ಡಿಸೈನ್ ಕಾಲೇಜಿನ ಹುಡುಗಿಯೊಬ್ಬಳು ಮುಚ್ಚಳದ ಮೇಲೆ ಆನೆ ಬಿಡಿಸಿಕೊಟ್ಟಿದ್ದಳು. ರಜೆಗೆ ಹೋಗುವ ಮುಂಚೆ ನಾನೇ ಯೋಚಿಸಿ ಮಾಡಿದ್ದು. ಫೆಬ್ರವರಿಯಿಂದ ಮಾರಾಟ.

"ನೂರು ಹೋದರೆ ನಲವತ್ತೊಂದು ತಿರುಗಿ ಬರುತ್ತೆ. ಎಲ್ಲರದೂ ಒಂದೇ ದೂರು, 'ಸೈಜ್ ಸರಿಯಿಲ್ಲ'. ಸೆಂದಿಲ್ ಎರಡು ಸಲ ಅಳತೆ ಬದಲಾಯಿಸಿದ, ಇನ್ನೂ ಜಾಸ್ತಿ ಬರ್ತಿದೆ. ಆಗಸ್ಟ್ ನಡುವಿಗೆ ಆಡಿ ಮಾಸ ಕಳೆಯುತ್ತಲ್ಲ, ಅಲ್ಲೀವರೆಗೆ ನೋಡ್ತೀನಿ. ಆಮೇಲೆ ಆನ್‌ಲೈನ್ ಪೂರ್ತಿ ಚೆನ್ನೈ ಏಜೆನ್ಸಿಗೆ. ನೀವು ಆರಾಮಾಗಿ ಮನೇಲಿ ಕೂಸು ನೋಡ್ಕೊಳ್ಳಿ."

ಇದನ್ನವರು ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಏಳು ಸಲ ಫೋನ್ ಮಾಡಿದೆ. ಏಳನೆಯ ಸಲ ನನ್ನ ಅತ್ತೆ ರಾಧಮ್ಮ, "ಕೂಸು ಉಸಿರಾಡ್ತಿದೆ ಶ್ರೀಜಾ. ನಾನೂ ಉಸಿರಾಡ್ತಿದ್ದೀನಿ. ಫೋನ್ ಇಡು" ಅಂದರು.

ಜೂನ್ 12, ಗುರುವಾರ

ನಿದ್ದೆ: ಎರಡು ಗಂಟೆ ನಲವತ್ತು ನಿಮಿಷ.

ತೊಟ್ಟಿಲ ಮೇಲೆ ಕ್ಯಾಮೆರಾ ಹಾಕಿಸಿದೆ. ಫೋನಿನಲ್ಲಿ ಭಾರ್ಗವಿಯ ಎದೆ ಏರಿ ಇಳಿಯುವುದು ಕಾಣುತ್ತದೆ. ಮೀಟಿಂಗಿನಲ್ಲಿ ಫೋನನ್ನು ಲ್ಯಾಪ್‌ಟಾಪಿಗೆ ಒರಗಿಸಿ ಇಟ್ಟಿದ್ದೆ. ಹನ್ನೆರಡೂವರೆಗೆ ಪರದೆ ಕಪ್ಪಾಯಿತು. ಸೆಂದಿಲ್ ಅಂಕಿ ಅಂಶ ಓದುತ್ತಿದ್ದ. ನಾನು ಎದ್ದು ಹೊರಗೆ ಓಡಿದೆ.

"ಏನಾಯ್ತು? ಏನೂ ಆಗಿಲ್ಲ" ಅಂದರು ಅತ್ತೆ. "ದೋಸೆಗೆ ರುಬ್ಬಬೇಕಿತ್ತು. ಆ ಪ್ಲಗ್ಗಿಗೆ ಗ್ರೈಂಡರ್ ಹಾಕ್ದೆ."

"ಅತ್ತೆ, ಬೇರೆ ಪ್ಲಗ್ಗು ಇದೆಯಲ್ಲ!"

"ಗ್ರೈಂಡರ್ ನಲವತ್ತು ವರ್ಷದಿಂದ ಅಲ್ಲೇ ಇರೋದು. ನಿನ್ನ ಕ್ಯಾಮೆರಾ ಬೇರೆ ಕಡೆ ಹೋಗಲಿ."

ಒಳಗೆ ಬಂದರೆ ಮೀಟಿಂಗ್ ಮುಗಿದಿತ್ತು.

ಜೂನ್ 18, ಬುಧವಾರ

ತಿರುಗಿ ಬಂದ ಜಬಲಾಗಳನ್ನೆಲ್ಲ ಮೇಜಿನ ಮೇಲೆ ಹರಡಿ ಟೇಪು ಹಿಡಿದು ಅಳೆದೆ. ಮೊದಲಿನ ಅಳತೆಯೇ ಸರಿಯಿತ್ತು. ಸೆಂದಿಲ್ ಒಮ್ಮೆ ಅಗಲ ಮಾಡಿಸಿದ್ದಾನೆ, ಆಮೇಲೆ ಇನ್ನೊಮ್ಮೆ ಅಗಲ ಮಾಡಿಸಿದ್ದಾನೆ. ಈಗಿನದರೊಳಗೆ ಮಧ್ವೇಶನ ಹೊಟ್ಟೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹಿಡಿಯುತ್ತದೆ.

"ಕಸ್ಟಮರ್ ಏನು ಹೇಳ್ತಾರೋ ಅದನ್ನೇ ಮಾಡಿದೆ ಮೇಡಂ" ಅಂದ. ಅವನ ಕಣ್ಣ ಕೆಳಗೂ ಕಪ್ಪು. ನನ್ನ ಮೇಲೆ ಏನೋ ಸಾಧಿಸುತ್ತಿದ್ದಾನೆಂದು ಇಷ್ಟು ದಿನ ಅಂದುಕೊಂಡಿದ್ದೆ. ಪಾಪ, ಅವನಿಗೂ ಹೆದರಿಕೆ.

ನಿದ್ದೆ: ಬರೆಯದಿರುವುದೇ ಲೇಸು.

ಜೂನ್ 25, ಬುಧವಾರ

ಇವತ್ತು ಉದ್ದ ಬರೆಯಬೇಕು.

ಗೋಮತಿಯಕ್ಕ ತಿರುಗಿ ಬಂದ ಒಂದು ಪೆಟ್ಟಿಗೆಯನ್ನು ನನ್ನ ಪರದೆಯ ಹಿಂದಿನಿಂದ ಒಳಗೆ ತಳ್ಳಿದರು. "ಈ ರಿಬ್ಬನ್ ಗಂಟು ನೋಡಿ ಮೇಡಂ."

"ಏನಾಗಿದೆ?"

"ಏನೂ ಆಗಿಲ್ಲ, ಅದೇ ವಿಷಯ. ಇದು ನನ್ನ ಕೈ ಗಂಟು. ಬಿಚ್ಚೇ ಇಲ್ಲ. ಬಿಚ್ಚದೆ ಸೈಜ್ ಸರಿಯಿಲ್ಲ ಅಂತ ಹೆಂಗೆ ಗೊತ್ತಾಯ್ತುಂಗ?"

ಎಷ್ಟು ಪೆಟ್ಟಿಗೆಗಳು ಹೀಗೆ ಎಂದು ಕೇಳಿದೆ. ಹೆಚ್ಚುಕಡಿಮೆ ಎಲ್ಲವೂ. ಮತ್ತೆ ಯಾಕೆ ಹೇಳಲಿಲ್ಲ ಅಂದರೆ, "ಯಾರು ಕೇಳಿದ್ರು?" ಅಂದರು.

ಆಪ್ ತೆರೆದು ನಾನೇ ಒಂದು ವಾಪಸ್ ಕೋರಿಕೆ ಹಾಕಿ ನೋಡಿದೆ. ಕಾರಣ ಆರಿಸಿ ಎಂದು ನಾಲ್ಕು ಸಾಲು ಬರುತ್ತದೆ. ಸೈಜ್, ಬಣ್ಣ, ಹರಿದಿದೆ, ತಡವಾಯಿತು. ಮೊದಲನೆಯದು ಸೈಜ್. ಜನ ಮೊದಲನೆಯದನ್ನೇ ಒತ್ತುತ್ತಾರೆ. ನಾವು ಅದನ್ನು ನಂಬಿ ಎರಡು ಸಲ ಅಳತೆ ಬದಲಾಯಿಸಿ ಕೂತಿದ್ದೇವೆ.

ಪೆಟ್ಟಿಗೆ ವಾಪಸ್ ಮಾಡಿದ್ದ ಧಾರಾಪುರಂನ ಒಂದು ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಚಿನ್ನತಾಯಿ ಎಂಬ ಪಾಟಿ, ಅಜ್ಜಿ.

"ಪಿಳ್ಳೆ ಹುಟ್ಟಿದ ದಿನ ಯಾರಾದ್ರೂ ಹೊಸ ಬಟ್ಟೆ ಹಾಕ್ತಾರಾ ಕಣ್ಣಮ್ಮಾ? ತಾತ ಉಟ್ಟ ಹಳೆ ವೇಷ್ಟಿ ಪಂಚೆ ಹರಿದು ಸುತ್ತಬೇಕು. ಹೊಸದು ಹನ್ನೊಂದನೇ ದಿನಕ್ಕೆ, ಅದನ್ನೂ ನಾವೇ ಅಂಗಡಿಗೆ ಹೋಗಿ ಮುಟ್ಟಿ ನೋಡಿ ತರ್ತೀವಿ. ಸೊಸೆ ಆಫೀಸಿನೋರು ಕಳಿಸಿದ್ರು. ಪೆಟ್ಟಿಗೆ ಮೇಲೆ 'ಮುದಲ್ ನಾಳ್' ಅಂತ ಬೇರೆ ಬರ್ದಿದ್ದೀರಿ. ಯಾವ ಊರು ನಿಂದು?"

"ಕೋಯಮುತ್ತೂರು, ಪಾಟಿ."

"ಕೋಯಮುತ್ತೂರಲ್ಲಿ ಅಮ್ಮಂದಿರು ಇಲ್ವಾ, ಹೇಳಿಕೊಡೋಕೆ?"

"ಮತ್ತೆ ಸೈಜ್ ಸರಿಯಿಲ್ಲ ಅಂತ ಯಾಕೆ ಹಾಕಿದ್ರಿ?"

"ಮೊಮ್ಮಗಳು ಒತ್ತಿದ್ಲು. ಅದರಲ್ಲಿ 'ಪಾಟಿ ಬೇಡ ಅಂದ್ಲು' ಅನ್ನೋದು ಇರ್ಲಿಲ್ಲವಂತೆ."

ಇನ್ನೂ ಒಂಬತ್ತು ಮನೆಗೆ ಮಾಡಿದೆ. ಎಂಟು ಕಡೆ ಇದೇ ಮಾತು.

ಫೋನ್ ಇಟ್ಟ ಮೇಲೆ ಗೋಮತಿಯಕ್ಕ ಮೆಲ್ಲಗೆ ಕೇಳಿದರು: "ನಿಮ್ಮ ಪಾಪಾಗೆ ನಮ್ಮ ಪೆಟ್ಟಿಗೆದು ಹಾಕಿದ್ರಾ ಮೇಡಂ?"

ಭಾರ್ಗವಿ ಹತ್ತು ದಿನ ಇದ್ದದ್ದು ಮಾವನ ಹಳೆ ಪಂಚೆಯಲ್ಲಿ. ಮಾದರಿ ಪೆಟ್ಟಿಗೆಯನ್ನು ಆಸ್ಪತ್ರೆಗೆ ಒಯ್ದಿದ್ದೆ, ಅತ್ತೆ ಅದನ್ನು ಮಂಚದ ಕೆಳಗೆ ಸರಿಸಿದರು. ನಾನು ಜಗಳ ಆಡಿದೆ, ಪಂಚೆಯನ್ನು ಮೂರು ಸಲ ಕುದಿಸಿದೆ, ಅತ್ತೆ, ಕೊನೆಗೆ ಸೋತೆ. ಅಲ್ಲಿ "ಅತ್ತೆ" ಎಂದರೆ ಅಳು, ರಾಧಮ್ಮ ಅಲ್ಲ. ಎರಡು ತಿಂಗಳ ಮೇಲೆ ಅದೇ ಪೆಟ್ಟಿಗೆಗೆ "ಪ್ರತಿ ಅಮ್ಮನ ಮೊದಲ ಆಯ್ಕೆ" ಎಂದು ಮನೆಯಿಂದಲೇ ಜಾಹೀರಾತು ಬರೆದವಳೂ ನಾನೇ. ಎರಡೂ ಇದೇ ತಲೆಯೊಳಗಿದ್ದವು, ಒಂದಕ್ಕೊಂದು ಪರಿಚಯವಾಗಲೇ ಇಲ್ಲ. ಎಂಬಿಎ ಓದಿದ್ದೇನೆ.

"ಇಲ್ಲ" ಅಂದೆ. ಗೋಮತಿಯಕ್ಕ ನಗಲಿಲ್ಲ. ಪರದೆ ಎಳೆದು ಹೊರಗೆ ಹೋಗಿ ನಕ್ಕರು, ಕೇಳಿಸಿತು.

ಜೂನ್ 26, ಗುರುವಾರ

ಹಳೆ ಪಂಚೆಯೇ ಯಾಕೆ ಎಂದು ಅತ್ತೆಯನ್ನು ಕೇಳಿದೆ. ಬೀನ್ಸ್ ಹೆಚ್ಚುತ್ತಿದ್ದರು.

"ಹೊಸ ಬಟ್ಟೆ ಚುಚ್ಚುತ್ತೆ. ಅಂದವಾಗಿ ಕಂಡ್ರೆ ದೃಷ್ಟಿ ಆಗುತ್ತೆ. ದೊಡ್ಡವರ ಪಂಚೆ ಹಾಕಿದ್ರೆ ಅವರ ಆಯುಸ್ಸು ಬರುತ್ತೆ. ಮೂರರಲ್ಲಿ ಯಾವುದು ಬೇಕೋ ಇಟ್ಕೊ."

"ನಿಮಗೆ ಯಾವುದು?"

"ನಿಮ್ಮ ಮಾವ ಆ ಪಂಚೇನ ಎಸೆಯೋಕೆ ಬಿಡ್ತಿರ್ಲಿಲ್ಲ. ಮೊಮ್ಮಗಳ ನೆಪದಲ್ಲಿ ತೊಲಗ್ತು."

ಜುಲೈ 2, ಬುಧವಾರ

ನಿದ್ದೆ: ಮೂರು ಗಂಟೆ. ಉಳಿದ ಹೊತ್ತು ಯೋಚನೆ, ಆದರೆ ಭಾರ್ಗವಿಯ ಉಸಿರಿನದ್ದಲ್ಲ, ಕೊರಿಯರ್‌ನದ್ದು.

ವಾಪಸ್ ಕೊಟ್ಟದ್ದನ್ನು ಮನೆ ಬಾಗಿಲಿನಿಂದ ತರಲು ನಮಗೆ ಹೇಗೂ ಆಳುಗಳಿದ್ದಾರೆ. ಅವರನ್ನೇ ಮೊದಲು ಕಳಿಸಿದರೆ? ಬಸುರಿಯ ಮನೆಯಿಂದ ತಾತನ ಹಳೆ ಪಂಚೆ ತರುವುದು. ನಮ್ಮಲ್ಲಿ ಕುದಿಸಿ, ಒಣಗಿಸಿ, ಆರು ಜಬಲಾ, ಎರಡು ಹೊದಿಕೆ ಹೊಲಿದು, ಆನೆಯ ಪೆಟ್ಟಿಗೆಯಲ್ಲಿಟ್ಟು ತಿರುಗಿ ಕಳಿಸುವುದು.

ಸೆಂದಿಲ್ ತಲೆ ಹಿಡಿದುಕೊಂಡ. "ವಾಪಸ್ ಮೊದಲು, ಆರ್ಡರ್ ಆಮೇಲೆ? ಮೇಡಂ, ನಮ್ಮ ಸಾಫ್ಟ್‌ವೇರ್‌ಗೆ ಬಿಕ್ಕಳಿಕೆ ಬರುತ್ತೆ." ಸ್ವಲ್ಪ ಹೊತ್ತಾದ ಮೇಲೆ ಅವನೇ ಬಂದು, "ಹಳೆ ಆರ್ಡರ್ ಒಂದನ್ನ ಸುಳ್ಳು ಸುಳ್ಳೇ ಹುಟ್ಟಿಸಿದ್ರೆ ಆಗುತ್ತೆ" ಅಂದ. ಇವನು ಒಳ್ಳೆಯವನು.

ಧನಪಾಲ್ ಸರ್ ಗದರಿದರು. "ಹೊಸ ಬಟ್ಟೆ ಮಾಡೋನ ಹತ್ರ ಬಂದು ಹಳೆ ವೇಷ್ಟಿ ಹೊಲಿ ಅಂತೀರಾ? ತಿರುಪ್ಪೂರಲ್ಲಿ ಕೇಳಿದ್ರೆ ಏನಂತಾರೆ?"

"ಅವರ ಮನೆಯಲ್ಲೂ ಅಜ್ಜಿಯರು ಇದ್ದಾರೆ ಸರ್."

ತುಂಬ ಹೊತ್ತು ಫ್ಯಾನ್ ನೋಡಿದರು. "ಹನ್ನೆರಡು. ಹದಿಮೂರಲ್ಲ. ಆಡಿ ಕಳೆಯೋದ್ರೊಳಗೆ ಹನ್ನೆರಡರಲ್ಲಿ ಒಂದು ತಿರುಗಿ ಬಂದ್ರೂ ಚೆನ್ನೈ."

ಜುಲೈ 15, ಮಂಗಳವಾರ

ಪಂಚೆಗಳು ಬರುತ್ತಿವೆ! ಒಂದಕ್ಕೆ ವಿಭೂತಿಯ ವಾಸನೆ, ಒಂದಕ್ಕೆ ನಶ್ಯ. ಒಂದು ಎಷ್ಟು ಸವೆದಿದೆಯೆಂದರೆ ಅದರ ಮೂಲಕ ಪೇಪರ್ ಓದಬಹುದು. ಗೋಮತಿಯಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡು, "ಇದೇ ಒಂದನೇ ದರ್ಜೆ" ಅಂದರು. ಕಾರಮಡೈಯಿಂದ ಬಂದದ್ದರ ಜೊತೆ ಚೀಟಿ: "ನಮ್ಮ ಅಪ್ಪ ಹೋಗಿ ಎರಡು ವರ್ಷ. ಜೋಪಾನ." ಚೀಟಿಯನ್ನು ನಾನು ಮೂರು ಸಲ ಓದಿದೆ, ಸೆಂದಿಲ್ ನಾಲ್ಕು ಸಲ.

ಮಧ್ವೇಶ ತನ್ನ ಹಳೆ ಲುಂಗಿ ಹಿಡಿದು ಬಂದು, "ಇದಕ್ಕೂ ಭವಿಷ್ಯ ಇದೆಯಾ?" ಅಂದ. ಇಲ್ಲ ಅಂದೆ.

ಕ್ಯಾಮೆರಾ ಪ್ಲಗ್ಗಿಗೆ ಮತ್ತೆ ಗ್ರೈಂಡರ್ ಬಂದಿದೆ. ಸಂಜೆ ಹೇಳೋಣ ಅಂದುಕೊಂಡೆ.

ಜುಲೈ 23, ಬುಧವಾರ

ಪ್ರಾಣ ಹೋಗಿ ಬಂತು. ಕುದಿಸುವಾಗ ಎರಡು ಪಂಚೆಗಳ ಹೆಸರಿನ ಚೀಟಿ ಕಳಚಿಹೋಯಿತು. ಎರಡೂ ಬಿಳಿ, ಎರಡೂ ಸಣ್ಣ ಹಸಿರು ಅಂಚು. ಒಂದು ಕಾರಮಡೈಯ ಸತ್ತ ತಂದೆಯದು. ಯಾವುದು?

ನಾನು ಅಲ್ಲೇ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆ. ಗೋಮತಿಯಕ್ಕ ಅಂಚಿನ ಮೂಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡರಲ್ಲಿ ಒಂದಕ್ಕೆ ಅಗಸನ ಗುರುತು, ಮಸಿಯಲ್ಲಿ ಮೂರು ಚುಕ್ಕಿ, ಒಂದು ಗೀಟು. ಕಾರಮಡೈಗೆ ಫೋನ್ ಮಾಡಿದೆವು. ಮಗಳು ಒಳಗೆ ಹೋಗಿ ತಂದೆಯ ಇನ್ನೊಂದು ಪಂಚೆ ನೋಡಿ ಬಂದಳು. "ಮೂರು ಚುಕ್ಕಿ, ಒಂದು ಗೀಟು. ಇಷ್ಟು ವರ್ಷ ಅದೇನೆಂದು ನಾನು ನೋಡೇ ಇರಲಿಲ್ಲಂಗ."

ಇನ್ನು ಮುಂದೆ ಚೀಟಿ ಅಂಟಿಸುವುದಲ್ಲ, ನೂಲಿನಲ್ಲಿ ನಂಬರ್ ಹೊಲಿಯುವುದು.

ಜುಲೈ 30, ಬುಧವಾರ

ಹನ್ನೆರಡೂ ತಲುಪಿದವು. ಎಲ್ಲರೂ ಸುಮ್ಮನಿದ್ದಾರೆ. ಸುಮ್ಮನಿದ್ದರೆ ಒಳ್ಳೆಯದೋ ಕೆಟ್ಟದ್ದೋ ಈ ವ್ಯಾಪಾರದಲ್ಲಿ ಗೊತ್ತಾಗುವುದಿಲ್ಲ.

ಆಗಸ್ಟ್ 6, ಬುಧವಾರ

ಬಂತು. ಅವಿನಾಶಿಯ ನಿತ್ಯಾ ಎಂಬವಳಿಂದ ವಾಪಸ್ ಕೋರಿಕೆ. ಸೋಮವಾರ ಗಂಡು ಮಗು ಹುಟ್ಟಿದೆಯಂತೆ.

"ಅವರಪ್ಪನ ವೇಷ್ಟಿ ನಾವು ಇಟ್ಕೊಂಡು ಏನು ಮಾಡೋದು ಮೇಡಂ?" ಎಂದ ಸೆಂದಿಲ್. ಆಮೇಲೆ ದನಿ ತಗ್ಗಿಸಿದ. "ಒಂದು ಕೆಲಸ ಮಾಡೋಣ. ನಮ್ಮ ಆಳು ಹೋಗಿದ್ದ, ಬಾಗಿಲು ಹಾಕಿತ್ತು ಅಂತ ಬರೆಯೋಣ. ಮತ್ತೆ ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಬಾಗಿಲು ಹಾಕಿತ್ತು. ಅಷ್ಟರಲ್ಲಿ ಆಡಿ ಕಳೆಯುತ್ತೆ."

ಎಲ್ಲ ಕಂಪನಿಯವರೂ ಹೀಗೆ ಬರೆಯುತ್ತಾರೆ. ಅಂಥ ಸಂದೇಶ ನನಗೇ ಎಷ್ಟು ಸಲ ಬಂದಿಲ್ಲ, ನಾನು ಬಾಗಿಲಲ್ಲೇ ಕೂತಿರುವಾಗ. ಹತ್ತು ನಿಮಿಷ ಯೋಚಿಸಿದೆ. ನಿಜ ಹೇಳಬೇಕೆಂದರೆ ಹದಿನೈದು. ಆಮೇಲೆ ಧನಪಾಲ್ ಸರ್‌ಗೆ ನಾನೇ ಫೋನ್ ಮಾಡಿ ಹೇಳಿದೆ.

"ಷರತ್ತು ಷರತ್ತೇ ಅಮ್ಮಣಿ."

"ಹೌದು ಸರ್. ಆದರೆ ಪೆಟ್ಟಿಗೆ ಇನ್ನೂ ಅವರ ಮನೆಯಲ್ಲಿದೆ. ತಿರುಗಿ ಬಂದಿಲ್ಲ. ನಾಳೆ ನಾನೇ ಹೋಗ್ತೀನಿ, ಅವರು ಕೊಟ್ಟರೆ ನಾನೇ ಹೊತ್ಕೊಂಡು ಬಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

ಆಗಸ್ಟ್ 7, ಗುರುವಾರ

ಗೋಮತಿಯಕ್ಕನನ್ನು ಕರೆದುಕೊಂಡು ಅವಿನಾಶಿಗೆ ಹೋದೆ. ನಿತ್ಯಾಳ ತವರುಮನೆ. ಬೀದಿಯ ತುಂಬ ಮಗ್ಗಗಳ ಸದ್ದು. ಮನೆಯೊಳಗೆ ಅದಕ್ಕಿಂತ ದೊಡ್ಡ ಸದ್ದು. ನಿತ್ಯಾಳ ತಂದೆ ಗೋವಿಂದಸಾಮಿ ಒಂದು ಕಡೆ, ಅವಳ ಮಾವ ಅಂಗಪ್ಪನ್ ಇನ್ನೊಂದು ಕಡೆ. ಜಬಲಾ ಹೊಲಿದದ್ದು ಗೋವಿಂದಸಾಮಿಯ ಪಂಚೆಯಲ್ಲಿ. ಅಂಗಪ್ಪನ್ ಮೊನ್ನೆ ಮೊಮ್ಮಗನನ್ನು ನೋಡಲು ಬಂದವರು ಅದನ್ನು ಕೇಳಿ ಕೆಂಡವಾಗಿದ್ದಾರೆ.

"ನಮ್ಮ ವಂಶದ ಪಿಳ್ಳೆ! ಇವರ ವೇಷ್ಟಿ ಹಾಕೋದಾ? ನಾನು ಸತ್ತಿದ್ದೀನಾ?" ಎಂದು ಹಳದಿ ಕೈಚೀಲವೊಂದನ್ನು ಅಲ್ಲಾಡಿಸುತ್ತಿದ್ದರು. ಅದರಲ್ಲಿ ಅವರದೇ ಪಂಚೆ.

"ಹೆರಿಗೆ ಮಾಡಿಸಿದ್ದು ಯಾರು? ಆಸ್ಪತ್ರೆಯಲ್ಲಿ ನಿದ್ದೆಗೆಟ್ಟಿದ್ದು ಯಾರು?" ಎಂದು ಗೋವಿಂದಸಾಮಿ.

ಎರಡು ದಿನದಿಂದ ಮಗು ಯಾರ ಪಂಚೆಯೂ ಇಲ್ಲದೆ ಟವೆಲ್ಲಿನಲ್ಲಿತ್ತು.

ನಾನು ಒಳಕೋಣೆಗೆ ಹೋದೆ. ನಿತ್ಯಾ ಮಂಚದ ತುದಿಯಲ್ಲಿ ಕೂತು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದಿದ್ದಳು. ಇಪ್ಪತ್ತಮೂರು ಇರಬಹುದು.

"ಆ ಪೆಟ್ಟಿಗೆ ಮನೇಲಿ ಇದ್ರೆ ತಾನೇ ಜಗಳ, ತಗೊಂಡು ಹೋಗಿಬಿಡಿ ಅಕ್ಕಾ" ಅಂದಳು.

"ತಗೊಂಡು ಹೋಗ್ತೀನಿ. ನೀನು ಮಲಗಿ ಎಷ್ಟು ಹೊತ್ತಾಯ್ತು?"

"ಮಲಗಿದ್ರೆ ಇವನು ಉಸಿರಾಡ್ತಾನೋ ಇಲ್ವೋ ಯಾರು ನೋಡ್ತಾರೆ?"

"ಆಡ್ತಾನೆ. ಅದು ಅವನ ಕೆಲಸ, ಅವನಿಗೆ ಬರುತ್ತೆ. ಅರ್ಧ ಗಂಟೆ ಮಲಗು. ನಾನು ಇಲ್ಲೇ ಇರ್ತೀನಿ."

ಅವಳು ಎರಡು ನಿಮಿಷದಲ್ಲಿ ನಿದ್ದೆ ಹೋದಳು, ಬಾಯಿ ತೆರೆದುಕೊಂಡು. ಮಗು ಚೆನ್ನಾಗಿತ್ತು. ತಲೆ ತುಂಬ ಕೂದಲು.

ಹೊರಗೆ ಗೋಮತಿಯಕ್ಕನ ದನಿ ಕೇಳುತ್ತಿತ್ತು. "ಏನುಂಗ, ನಿಮ್ಮ ವೇಷ್ಟಿ ಕೊಡಿ, ನೋಡೋಣ. ಇದನ್ನೇ ಹೊಲಿದು ಕೊಟ್ರೆ ಆಯ್ತಲ್ಲ." ಆಮೇಲೆ ಚೀಲದ ಸರಬರ. "ಇದು ಯಾವಾಗಿಂದು?"

"ಪೊಂಗಲ್‌ಗೆ ತಗೊಂಡಿದ್ದು."

"ಇನ್ನೂ ಗಂಜಿ ಬಿಟ್ಟಿಲ್ಲ! ಮಡಿಕೆ ಹಾಗೇ ಇದೆ! ಹೊಸದು ಹಾಕಬಾರದು ಅಂತ ತಾನೇ ಇಷ್ಟೆಲ್ಲಾ? ಇದು ಪಿಳ್ಳೆಗಲ್ಲ, ಪಿಳ್ಳೆಯ ಮದುವೆಗೆ. ಹಳೇದು ಇಲ್ವಾ ನಿಮ್ಮ ಹತ್ರ?"

"ಹಳೇದೆಲ್ಲ ಮಗ್ಗ ಒರೆಸೋಕೆ ಹೋಯ್ತು" ಅಂದರು ಅಂಗಪ್ಪನ್. ದನಿ ಅರ್ಧಕ್ಕೆ ಇಳಿದಿತ್ತು.

ಗೋವಿಂದಸಾಮಿ ನಕ್ಕರು. ನಗಲು ಅದು ಒಳ್ಳೆಯ ಹೊತ್ತಲ್ಲ. ಮತ್ತೆ ಹೊತ್ತಿಕೊಳ್ಳುತ್ತದೆ ಅಂದುಕೊಂಡೆ. ಆದರೆ ಗೋಮತಿಯಕ್ಕ ಬಿಡಲಿಲ್ಲ. "ನೀವು ಇದನ್ನ ಇವತ್ತಿಂದಲೇ ಉಡೋಕೆ ಶುರು ಮಾಡಿ. ದಿನಾ ಉಡಿ, ದಿನಾ ಒಗೆಯಿರಿ. ಎರಡನೇ ಮೊಮ್ಮಗುವಿಗೆ ಈಗಲೇ ನಿಮ್ಮ ಹೆಸರು ಬರ್ಕೊಳ್ತೀನಿ. ಮೊದಲನೇ ನಂಬರ್."

"ಎರಡನೇದಕ್ಕೆ ನಂದೇ?"

"ನಿಮ್ಮದೇ. ಇವರು ಬಂದ್ರೂ ಬಿಡಲ್ಲ."

ಅಂಗಪ್ಪನ್ ಅಲ್ಲೇ ಹಿತ್ತಲಿಗೆ ಹೋಗಿ ಅದನ್ನು ಉಟ್ಟುಕೊಂಡು ಬಂದರು. ಗಂಜಿಗೆ ಅದು ಡೇರೆಯಂತೆ ನಿಂತಿತ್ತು. ಎಚ್ಚರವಾದ ನಿತ್ಯಾ ಮಾವನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳು. ಮಗುವಿಗೆ ಜಬಲಾ ತೊಡಿಸಿದ್ದು ಅವಳೇ. ವಾಪಸ್ ಕೋರಿಕೆಯನ್ನು ನನ್ನೆದುರಿಗೇ ರದ್ದು ಮಾಡಿದಳು.

ಬರುವಾಗ ಕಾರಿನಲ್ಲಿ ಅದ್ಯಾವಾಗ ನಿದ್ದೆ ಬಂತೋ. ಪೀಳಮೇಡು ಹತ್ತಿರ ಅತ್ತೆಯ ಫೋನು ಎಬ್ಬಿಸಿತು.

"ಬೆಳಿಗ್ಗೆಯಿಂದ ಒಂದು ಫೋನೂ ಇಲ್ಲ. ನೀನು ಉಸಿರಾಡ್ತಿದ್ದೀಯಾ?"

ಆಗಸ್ಟ್ 13, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಕಾಫಿ ಚೆನ್ನಾಗಿತ್ತು.

ಆಗಸ್ಟ್ 17, ಭಾನುವಾರ

ಇವತ್ತು ಆವಣಿ ಮಾಸದ ಮೊದಲ ದಿನ. ಆಡಿ ನಿನ್ನೆಗೆ ಮುಗಿಯಿತು, ಒಂದು ಪೆಟ್ಟಿಗೆಯೂ ತಿರುಗಿ ಬರಲಿಲ್ಲ. ಧನಪಾಲ್ ಸರ್ ನಿನ್ನೆ ಸಂಜೆ ಚೆನ್ನೈಯವರ ಜೊತೆ ಮಾತಾಡುವವರಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ ತೀರ್ಮಾನ ಹೇಳುತ್ತೇನೆ ಅಂದಿದ್ದರು.

ಅತ್ತೆಗೆ ಸೊಂಟ ಹಿಡಿದಿತ್ತು. ಭಾರ್ಗವಿಗೆ ಎಣ್ಣೆ ನೀರು ನಾನೇ ಹಾಕಿದೆ. ಮಣೆಯ ಮೇಲೆ ಕೂತು ಕಾಲು ಚಾಚಿ ಅವಳನ್ನು ಬೋರಲು ಮಲಗಿಸಿಕೊಂಡೆ, ಮೀನಿನಂತೆ ಜಾರುತ್ತಾಳೆ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, "ಮುಖಕ್ಕೆ ಕೈ ಅಡ್ಡ ಇಡು, ಹಾಂ, ಹಂಗೆ" ಎನ್ನುತ್ತಿದ್ದರು. ನೀರು ಬಿದ್ದಾಗ ಒಮ್ಮೆ ಕಿರುಚಿದಳು, ಆಮೇಲೆ ನೀರನ್ನೇ ಹೊಡೆಯತೊಡಗಿದಳು. ನಾನೂ ಪೂರ್ತಿ ನೆನೆದೆ. ಸಾಂಬ್ರಾಣಿ ಹಿಡಿದು, ಒರೆಸಿ, ಹಾಲು ಕೊಟ್ಟು ಮಲಗಿಸಿ, ನನ್ನ ತಲೆ ಒರೆಸಿಕೊಂಡು ಹೊರಗೆ ಬಂದರೆ ಹತ್ತು ಗಂಟೆ ದಾಟಿತ್ತು.

ಮಧ್ವೇಶ ಫೋನನ್ನು ತಟ್ಟೆಯಲ್ಲಿಟ್ಟುಕೊಂಡವನ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತಿದ್ದ. "ಧನಪಾಲ್ ಸರ್, ಮೂರು ಸಲ. ನಾನು ಬಾಗಿಲು ಬಡಿದೆ. ನೀನು ಆಮೇಲೆ ಅಂದೆ!"

ನಾನು ಹಾಗೆ ಅಂದದ್ದು ನನಗೆ ನೆನಪಿಲ್ಲ. ತಿರುಗಿ ಫೋನ್ ಮಾಡಿದೆ.

"ಏನಮ್ಮಣಿ, ಒಂದು ಗಂಟೆಯಿಂದ ಕಾಯ್ತಿದ್ದೀನಿ."

"ಕೂಸಿಗೆ ನೀರು ಹಾಕ್ತಿದ್ದೆ ಸರ್."

ಅವರು ನೇರ ವಿಷಯಕ್ಕೆ ಬಂದರು. "ನಿನ್ನೆ ಚೆನ್ನೈಯವನಿಗೆ ನಿಮ್ಮ ವೇಷ್ಟಿ ಕತೆ ಅರ್ಧ ಗಂಟೆ ಹೇಳಿದೆ. ತಾತ ಅಂದ್ರೆ ಯಾರು, ಅಪ್ಪನ ಅಪ್ಪನಾ ಅಮ್ಮನ ಅಪ್ಪನಾ, ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಬೇಕು ಅಂದ. ಅವನಿಗೆ ಇಷ್ಟೇ ಅರ್ಥ ಆಗಿದ್ದು. ಬೇಡ ಅಂದ್ಬಿಟ್ಟೆ. ಆನ್‌ಲೈನ್ ನಿಮ್ಮ ಹತ್ರಾನೇ ಇರ್ಲಿ. ಇನ್ನೂರು ಪೆಟ್ಟಿಗೆ ಮಾಡೋಕೆ ಎಷ್ಟು ಜನ ಹೊಲಿಯೋರು ಬೇಕು, ಹೇಳಿ ನೋಡೋಣ."

"ನಾಳೆ ಹೇಳ್ತೀನಿ ಸರ್" ಅಂದೆ. "ಇವತ್ತು ಭಾನುವಾರ."